ಪ್ಯಾಕಾರ್ಡಿನ ಧೂಳು ಒರೆಸಬೇಡಿ

"ಆ ಕಟರ್ ಆರಿಸಯ್ಯ ಮೊದಲು!"

ರೌಹಿಯಾಳ ಕೂಗಿಗೆ ಹಳೆಯ ಕಾರಿನ ಪಕ್ಕ ನಿಂತಿದ್ದ ಮೆಕ್ಯಾನಿಕ್ ಉಸ್ತಾ ಬಯೂಮಿ ಕೈಯಲ್ಲಿದ್ದ ಗ್ಯಾಸ್ ಕಟರ್ ಸಮೇತ ಹಾರಿಬಿದ್ದ. ನೀಲಿ ಉರಿ ಒಮ್ಮೆ ಗೋಡೆಯ ಕಡೆ, ಒಮ್ಮೆ ಅವನದೇ ಮೀಸೆಯ ಕಡೆ ತಿರುಗಿ, ಕೊನೆಗೆ ಪುಸ್ಸೆಂದು ಆರಿತು.

"ಏನಮ್ಮ ಹಾಜ್ಜಾ, ಹೀಗಾ ಕಿರುಚೋದು? ಎದೆ ಒಡೆದು ಸತ್ತಿದ್ರೆ ನನ್ನ ಹೆಂಡ್ತಿಗೆ ಯಾರು ಉತ್ತರ ಹೇಳ್ತಿದ್ರು?"

"ಹಾಜ್ಜಾ ಅನ್ನಬೇಡ. ನಾನಿನ್ನೂ ಹಜ್ಜಿಗೆ ಹೋಗಿಲ್ಲ. ನಿಮ್ಮಂಥವರನ್ನ ಸುಧಾರಿಸೋದ್ರಲ್ಲೇ ನನ್ನ ಆಯಸ್ಸು ಮುಗೀತಾ ಇದೆ."

ಗ್ಯಾರೇಜಿನ ತಗಡಿನ ಮಾಡು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಅಲೆಕ್ಸಾಂಡ್ರಿಯಾಕ್ಕೆ ಚಳಿಗಾಲದಲ್ಲಿ ಬರುವ ಕಾಸಿಮ್ ಬಿರುಗಾಳಿ ಇವತ್ತೋ ನಾಳೆಯೋ ಅನ್ನುವಂತೆ ಸಮುದ್ರದ ಕಡೆಯಿಂದ ಬೆಳಗಿನಿಂದ ಬೀಸುತ್ತಲೇ ಇತ್ತು. ರೌಹಿಯಾಳ ಕಾಲೂ ಬೆಳಗಿನಿಂದ ಒಂದು ಕಡೆ ನಿಂತಿರಲಿಲ್ಲ. ಮೊಣಕಾಲು ನೋವಿನ ಹೆಂಗಸು ಹೀಗೆ ಓಡಾಡಬಾರದೆಂದು ಡಾಕ್ಟರು ಹೇಳಿದ್ದರು. ಡಾಕ್ಟರು ಏನು ಬೇಕಾದರೂ ಹೇಳುತ್ತಾರೆ.

ಡಾಕ್ಟರು ಹೇಳಿದ್ದಕ್ಕೇ ಅಲ್ಲವೇ ಇಷ್ಟೆಲ್ಲ ಆದದ್ದು. ಕಾರಿನ ಯಜಮಾನ ಫಿಕ್ರಿ ಬೇ ಒಂದು ಶುಕ್ರವಾರ ಮಧ್ಯಾಹ್ನ ಇದರ ಹಿಂದಿನ ಸೀಟಿನಲ್ಲಿ ಸತ್ತು ಇವತ್ತಿಗೆ ನಲವತ್ತನೇ ದಿನ. ಹೃದಯ ನಿಂತಿತು ಎಂದು ಬರೆದುಕೊಟ್ಟರು, ಸೂರ್ಯ ಮುಳುಗುವುದರೊಳಗೆ ಮಣ್ಣು ಮಾಡಿದರು. ಒಬ್ಬಳೇ ಮಗಳು ದೌಲತ್ ಮಾತ್ರ ನಂಬಲಿಲ್ಲ. ಅಪ್ಪನ ಕತ್ತಿನ ಹಿಂದೆ ಸದಾ ಇರುತ್ತಿದ್ದ ಪುಟ್ಟ ದಿಂಬು ಆ ದಿನದಿಂದ ಕಾಣೆಯಾಗಿತ್ತು. ಹೃದಯ ನಿಂತವನು ದಿಂಬನ್ನು ಎಲ್ಲಿ ಬಚ್ಚಿಡುತ್ತಾನೆ?

ಮೂವತ್ತು ವರ್ಷ ವಿಮಾ ಕಂಪನಿಗಾಗಿ ಜಖಂ ಕಾರುಗಳನ್ನು ತಪಾಸಣೆ ಮಾಡಿ ನಿವೃತ್ತಳಾಗಿದ್ದ ರೌಹಿಯಾಳ ಬಾಗಿಲು ಬಡಿದವಳು ಈ ದೌಲತಳೇ. "ಮದಾಮ್, ಯಾರೇ ಆಗಿರಲಿ, ನನಗೆ ಹೆಸರು ಬೇಕು," ಎಂದಿದ್ದಳು. ಅಳಲಿಲ್ಲ. ಅಳದೆ ಹೇಳಿದ ಆ ಮಾತಿಗೇ ರೌಹಿಯಾ ಒಪ್ಪಿದ್ದು.

ಒಪ್ಪಿದ ಮೇಲೂ ಕಾರನ್ನು ನೋಡುವ ಹಾಗಿರಲಿಲ್ಲ. ಹೆಣ ಎತ್ತಿದ ಸಂಜೆಯೇ ದೌಲತ್ ಗ್ಯಾರೇಜಿಗೆ ಬೀಗ ಜಡಿದು ಕೀಲಿಯನ್ನು ಕೊರಳಿಗೆ ಹಾಕಿಕೊಂಡಿದ್ದಳು. ಕಾರಿನ ಇನ್ನರ್ಧದ ವಾರಸುದಾರ ಅಷ್ಮಾವಿ ಜಗಳಕ್ಕೆ ಬಂದಾಗ ಮಸೀದಿಯ ಶೇಖ್ ಅವರು ಇಬ್ಬರಿಂದಲೂ ಮಾತು ತೆಗೆದುಕೊಂಡಿದ್ದರು: ನಲವತ್ತು ತುಂಬುವವರೆಗೆ ಯಾರೂ ಬೀಗ ಮುಟ್ಟಬಾರದು, ತುಂಬಿದ ದಿನ ಕಾರನ್ನು ಇಟ್ಟುಕೊಳ್ಳುವುದೋ ಬದಲಾಯಿಸುವುದೋ ತೀರ್ಮಾನ ಆಗಬೇಕು. ಶೇಖ್ ಅವರ ಮುಂದೆ ಕೊಟ್ಟ ಮಾತನ್ನು ಆ ಓಣಿಯಲ್ಲಿ ಯಾರೂ ಮುರಿಯುವುದಿಲ್ಲ. ರೌಹಿಯಾ ಆ ಬೀಗದ ಮುಂದೆ ದಿನವೂ ಹಸಿದ ಬೆಕ್ಕಿನ ಹಾಗೆ ಸುತ್ತಿ ಹೋಗಿದ್ದಳು.

ಇವತ್ತು ಬಾಗಿಲು ತೆರೆದಿತ್ತು. ಅವಳಿಗಿಂತ ಮೊದಲು ಕಟರ್ ಒಳಗೆ ಬಂದಿತ್ತು.

"ಯಾಕ್ ಮದಾಮ್, ನನ್ನ ಕೆಲಸದವನ ಮೇಲೆ ರೇಗ್ತೀರಾ?" ಕಾರಿನ ಹಿಂದಿನಿಂದ ಅಷ್ಮಾವಿ ಬಂದ. ಫಿಕ್ರಿ ಬೇಯ ತಮ್ಮನ ಮಗ, ಕುವೈತಿನಲ್ಲಿ ದುಡಿದು ಬಂದವನು, ಚಪ್ಪಲಿಗೂ ಸೆಂಟು ಹಾಕಿಕೊಳ್ಳುವ ಜಾತಿ. "ನಲವತ್ತು ದಿನ ಬಾಯಿ ಮುಚ್ಕೊಂಡಿದ್ದೆ. ಇವತ್ತು ನನ್ನ ದಿನ."

"ದಿನ ನಿಂದಿರಬಹುದು. ಕಾರು ನಿಂದಲ್ಲ."

"ಅರ್ಧ ನಂದೇ! ಮಗಳಿಗೆ ಅರ್ಧ, ತಮ್ಮನ ಮಗನಿಗೆ ಅರ್ಧ. ದೇವರೇ ಹಾಕಿದ ಲೆಕ್ಕ."

"ಯಾವ ಅರ್ಧ ನಿಂದು? ಮುಂದಿಂದಾ, ಹಿಂದಿಂದಾ?"

"ಮೇಲಿಂದು! ಅದಕ್ಕೇ ಕತ್ತರಿಸ್ತಿರೋದು."

ಉಸ್ತಾ ಕಿಸಕ್ಕನೆ ನಕ್ಕ. ರೌಹಿಯಾಳಿಗೂ ನಗು ಬಂತು, ಆದರೆ ತೋರಿಸಿಕೊಳ್ಳಲಿಲ್ಲ.

ಕಾರು ಈ ಮಾತುಗಳ ನಡುವೆ ಅಲ್ಲಾಡದೆ ನಿಂತಿತ್ತು. 1951ರ ಪ್ಯಾಕಾರ್ಡ್. ಎಪ್ಪತ್ಮೂರರ ಯುದ್ಧದ ವರ್ಷ ಇಲ್ಲಿ ತಂದು ನಿಲ್ಲಿಸಿದ ಮೇಲೆ ಹದಿನೈದು ವರ್ಷ ಅದು ಅಲ್ಲಾಡಿಯೇ ಇರಲಿಲ್ಲ. ಕಪ್ಪು ಬಣ್ಣ ಅಲ್ಲಲ್ಲಿ ಕಾಫಿ ಬಣ್ಣಕ್ಕೆ ತಿರುಗಿತ್ತು, ಬಂಪರಿನ ಹೊಳಪು ಸುಲಿದಿತ್ತು. ದೌಲತ್ ಹುಟ್ಟಿದ ದಿನ ಗಾಬರಿಯಲ್ಲಿ ಅಪ್ಪ ಆಸ್ಪತ್ರೆಯ ಗೇಟಿಗೆ ಗುದ್ದಿಸಿಕೊಂಡ ಗುಳಿ ಎಡ ಮಡ್‌ಗಾರ್ಡಿನ ಮೇಲೆ ಹಾಗೆಯೇ ಇತ್ತು. ಒಂದು ಸ್ಕ್ರೂ ಕೂಡ ಬದಲಾಗಿರಲಿಲ್ಲ. ಅದನ್ನು ಹೀಗೆಯೇ, ಗುಳಿ ಧೂಳುಗಳ ಸಮೇತ ಉಳಿಸಬೇಕೆಂದು ದೌಲತಳ ಹಟ.

"ನೀವೇ ಹೇಳಿ ಮದಾಮ್," ಅಷ್ಮಾವಿ ಸ್ವರ ಇಳಿಸಿದ. "ಇದರ ಮಾಡು ತೆಗೆದು, ಹೊಸ ಡೀಸೆಲ್ ಇಂಜಿನ್ ಕೂರಿಸಿ, ಬೆಣ್ಣೆ ಬಣ್ಣ ಹೊಡೆದು ಸಮುದ್ರದಂಚಿನ ಕೋರ್ನಿಶ್ ರಸ್ತೆಗೆ ಬಿಟ್ರೆ, ಅಲೆಕ್ಸಾಂಡ್ರಿಯಾದ ಒಬ್ಬ ಮದುಮಗಳೂ ಬೇರೆ ಕಾರು ಹತ್ತಲ್ಲ. ಡೋಲು, ಕಹಳೆ, ಹೂವು! ದೊಡ್ಡಪ್ಪನ ಕಾರಿಗೆ ಮತ್ತೆ ಜೀವ ಬರುತ್ತೆ. ಅದು ಬಿಟ್ಟು ಗೋರಿ ಥರ ಇಟ್ಕೊಂಡು ದಿನಾ ಊದುಬತ್ತಿ ಹಚ್ತೀರಾ?"

ಅವನ ಮಾತು ಪೂರ್ತಿ ತಪ್ಪೆಂದು ರೌಹಿಯಾಳಿಗೆ ಅನಿಸಲಿಲ್ಲ. ಬೇರೆ ದಿನವಾಗಿದ್ದರೆ ಒಪ್ಪುತ್ತಿದ್ದಳೇನೋ. ಆದರೆ ಬಣ್ಣ ಬಳಿದ ಕಾರು ಅಂದರೆ ವಕೀಲರು ಹೇಳಿಕೊಟ್ಟ ಸಾಕ್ಷಿಯ ಹಾಗೆ. ಕಲಿಸಿದ್ದನ್ನೇ ಹೇಳುತ್ತದೆ, ಕಂಡದ್ದನ್ನು ಹೇಳುವುದಿಲ್ಲ. ಈ ಕಾರು ಕಂಡದ್ದು ಈಗ ಬೇಕಿತ್ತು. ಹೂತ ದೇಹವನ್ನು ಮತ್ತೆ ತೆಗೆಯಬೇಕಾದರೆ ಗಟ್ಟಿಯಾದ ಒಂದು ಗುರುತಾದರೂ ತನ್ನಿ ಎಂದು ಪ್ರಾಸಿಕ್ಯೂಟರ್ ಕಚೇರಿಯವರು ಹೇಳಿಬಿಟ್ಟಿದ್ದರು. ಕಾರಿನಲ್ಲಿ ಸಿಗದಿದ್ದರೆ ಇನ್ನೆಲ್ಲೂ ಸಿಗುವುದಿಲ್ಲ.

"ಮಧ್ಯಾಹ್ನದ ನಮಾಜಿನ ತನಕ ನನಗೆ ಬಿಡು," ಎಂದಳು. "ಆಮೇಲೆ ನೀನುಂಟು, ನಿನ್ನ ಅಕ್ಕ ಉಂಟು."

"ರಿಫಾತ್ ಭಾವನೂ ಬೆಳಿಗ್ಗೆ ಇದನ್ನೇ ಅಂದ್ರು. ಸ್ವಲ್ಪ ತಡ್ಕೋ, ಕಾರಿಗೋಸ್ಕರ ರಕ್ತಸಂಬಂಧ ಕೆಡಿಸ್ಕೋಬೇಡ ಅಂತ. ಅವರನ್ನ ಕೇಳಿದ್ರೆ ಇಬ್ರೂ ಸರಿ. ಮೇಷ್ಟ್ರಲ್ವಾ, ಎಲ್ಲರಿಗೂ ಪಾಸು!"

ದೌಲತಳ ಗಂಡ ರಿಫಾತ್ ಅರಬಿ ಮೇಷ್ಟ್ರು. ಬೆಳಿಗ್ಗೆ ರೌಹಿಯಾ ಬಂದಾಗ ತಾನೇ ಕುರ್ಚಿ ತಂದು ಹಾಕಿ, ಚಹಾಕ್ಕೆ ಸಕ್ಕರೆ ಎಷ್ಟೆಂದು ಕೇಳಿ, ಆಮೇಲೆ ಶುರೈಕ್ ಬನ್ನುಗಳ ಬುಟ್ಟಿ ಹೊತ್ತು ಸ್ಮಶಾನಕ್ಕೆ ಹೋಗಿದ್ದ. ಮಾವನ ಹೆಸರಲ್ಲಿ ಬಡವರಿಗೆ ಹಂಚಲು. ಇಂಥ ಅಳಿಯ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಅಂತ ಓಣಿಯ ಹೆಂಗಸರೆಲ್ಲ ಅನ್ನುತ್ತಿದ್ದರು.

ರೌಹಿಯಾ ಹಿಂದಿನ ಬಾಗಿಲಿನಿಂದ ಶುರು ಮಾಡಿದಳು.

ಹಿಂದಿನ ಸೀಟಿನಲ್ಲಿ ಮುದುಕ ಕೂರುತ್ತಿದ್ದ ಜಾಗ ಗುಂಡಿ ಬಿದ್ದು ನುಣುಪಾಗಿತ್ತು. ಪ್ರತಿ ಶುಕ್ರವಾರ ಮಸೀದಿಯಿಂದ ಬಂದು ಇಲ್ಲಿ ಕೂತು ಅವನು ಕುರಾನಿನ ಗುಹೆಯ ಅಧ್ಯಾಯ ಓದುತ್ತಿದ್ದ. ಮನೆಯಲ್ಲಿ ಮೊಮ್ಮಕ್ಕಳ ಗಲಾಟೆ, ಕಾರಿನಲ್ಲಿ ದೇವರಿದ್ದಾನೆ ಅನ್ನುತ್ತಿದ್ದನಂತೆ. ಆ ಪವಿತ್ರ ಗ್ರಂಥ, ಹಸಿರು ಮಖಮಲ್ಲಿನ ಕವಚದ ಮುಸ್‌ಹಫ್, ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಎಂದಿನ ಜಾಗದಲ್ಲೇ ಇತ್ತು. ದಿಂಬು ಮಾತ್ರ ಇರಲಿಲ್ಲ.

ಎಲ್ಲವೂ ಇದ್ದ ಹಾಗೇ ಇತ್ತು. ಅದೇ ಅವಳಿಗೆ ತಲೆ ತಿನ್ನತೊಡಗಿತು.

ಕಾರನ್ನು ಸುತ್ತಿ ಮುಂದಿನ ಬಾಗಿಲಿಗೆ ಬಂದು, ಉಸಿರು ಬಿಗಿಹಿಡಿದು ತೆರೆದಳು. ಡ್ಯಾಶ್‌ಬೋರ್ಡಿನ ಮೇಲೆ ಬೆರಳು ದಪ್ಪ ಧೂಳು. ಕೆಳಗೆ ಬೂದು ಬಣ್ಣದ್ದು, ಹದಿನೈದು ವರ್ಷದ್ದು. ಅದರ ಮೇಲೆ ತೆಳುವಾಗಿ ಹಿಟ್ಟು ಜರಡಿ ಹಿಡಿದಂತೆ ಬಿಳಿ ಧೂಳು.

ಆ ಬಿಳಿಯ ನಡುವೆ ಒಂದು ಚೌಕ.

ರೌಹಿಯಾ ಬಗ್ಗಿದಳು. ಚೌಕದೊಳಗೆ ಬಿಳಿ ಎದ್ದುಹೋಗಿ ಹಳೆಯ ಬೂದು ಕಾಣುತ್ತಿತ್ತು. ನಡುವೆ ಪುಸ್ತಕದಷ್ಟು ಜಾಗ ಭಾರಕ್ಕೆ ಅದುಮಿ ಕೂತಿತ್ತು. ಚೌಕದ ಅಂಚಿನುದ್ದಕ್ಕೂ ಸಣ್ಣ ಸಣ್ಣ ತ್ರಿಕೋನಗಳು, ಗರಗಸದ ಹಲ್ಲಿನ ಹಾಗೆ. ಕಸೂತಿ ಅಂಚಿನ ಕರವಸ್ತ್ರ. ಒಂದು ಮೂಲೆಯಲ್ಲಿ ಮಾತ್ರ ಒಂದು ಹಲ್ಲು ಇರಲಿಲ್ಲ.

ಅವಳು ತಿರುಗಿ ಕೂಗಿದಳು. "ಉಸ್ತಾ! ಇಲ್ಲಿ ಬಿಳಿ ಧೂಳು ಎಲ್ಲಿಂದ ಬಂತು?"

"ಆ ಶನಿ ಧೂಳಾ?" ಅದೇ ಓಣಿಯಲ್ಲಿ ಅಂಗಡಿ ಇಟ್ಟಿದ್ದ ಬಯೂಮಿ ಮುಖ ಹಿಂಡಿದ. "ಪಕ್ಕದ ಮನೆಯವರು ಹಳೇ ಸುಣ್ಣದ ಗೋಡೆ ಕೆಡವಿದ್ರಲ್ಲ. ಬೇ ಅವರು ತೀರ್ಕೊಂಡ್ರಲ್ಲ, ಅದರ ಹಿಂದಿನ ದಿನ, ಗುರುವಾರ. ಓಣಿಯಲ್ಲಿ ಯಾರೂ ಕಣ್ಣು ಬಿಡೋ ಹಾಗಿರಲಿಲ್ಲ. ನನ್ನ ಚಹಾ ಕೂಡ ಸುಣ್ಣ, ನನ್ನ ಬ್ರೆಡ್ ಕೂಡ ಸುಣ್ಣ."

ಸುಣ್ಣ ಬಿದ್ದದ್ದು ಗುರುವಾರ. ಬೀಗ ಬಿದ್ದದ್ದು ಶುಕ್ರವಾರ ಸಂಜೆ. ಈ ಗುರುತು ಎರಡರ ನಡುವಿನದು.

ಫಿಕ್ರಿ ಬೇ ಇಟ್ಟಿರಲಾರ. ಅವನ ಬಲಭುಜ ಬಿಗಿದುಹೋಗಿತ್ತು, ಕೋಟು ತೊಡಿಸಲೂ ಒಬ್ಬರು ಬೇಕಿತ್ತು. ಹಿಂದಿನ ಸೀಟಿನಿಂದ ಇಷ್ಟು ದೂರ ಬಗ್ಗುವುದು ಕನಸಿನ ಮಾತು. ಅಂದರೆ ಇನ್ನೊಬ್ಬರು. ಆ ಇನ್ನೊಬ್ಬರು ಮುದುಕನ ಬೆನ್ನ ಹಿಂದಿದ್ದ ಮುಸ್‌ಹಫನ್ನು ಎತ್ತಿ ಮುಂದೆ ತಂದಿದ್ದಾರೆ. ಕೊಳೆಯ ಮೇಲೆ ಇಡಲು ಮನಸ್ಸು ಬಾರದೆ ತಮ್ಮ ಕರವಸ್ತ್ರ ಹಾಸಿದ್ದಾರೆ. ಆಮೇಲೆ ಎಲ್ಲ ಮುಗಿಸಿ, ಮತ್ತೆ ಅದರ ಜಾಗದಲ್ಲಿ ಇಟ್ಟು ಹೋಗಿದ್ದಾರೆ.

ಯಾಕೆ? ದೇವರ ಮಾತು ಕಣ್ಣೆದುರೇ ಇರುವಾಗ ಮುದುಕನ ಮುಖಕ್ಕೆ ದಿಂಬು ಒತ್ತಲು ಕೈ ಬರಲಿಲ್ಲ. ಕೊಲ್ಲಲು ಕೈ ಬಂತು, ಅದಕ್ಕೆ ಅಗೌರವ ಮಾಡಲು ಬರಲಿಲ್ಲ. ಈ ತಪ್ಪನ್ನು ಕಳ್ಳ ಮಾಡುವುದಿಲ್ಲ, ಪರಕೀಯ ಮಾಡುವುದಿಲ್ಲ. ಒಳ್ಳೆಯ ಮನೆಯಲ್ಲಿ ಬೆಳೆದವನೇ ಮಾಡಬೇಕು.

ಅವಳ ಹತ್ತಿರ ಕ್ಯಾಮೆರಾ ಇರಲಿಲ್ಲ. ನಿವೃತ್ತಿಯ ದಿನವೇ ಕಂಪನಿಯವರು ಕಿತ್ತುಕೊಂಡಿದ್ದರು, ಹಾರ ಹಾಕಿದ ಕೈಯಲ್ಲೇ. ಕುಂಟುತ್ತ ಮನೆಯೊಳಗೆ ಓಡಿ, ಪಡಸಾಲೆಯ ಫೋನಿನ ವೈರನ್ನು ಕಿಟಕಿಯವರೆಗೆ ಎಳೆದುಕೊಂಡು, ಗ್ಯಾರೇಜಿನ ಮೇಲೆ ಒಂದು ಕಣ್ಣಿಟ್ಟೇ ಪ್ರಾಸಿಕ್ಯೂಟರ್ ಕಚೇರಿಗೆ ಮಾತಾಡಿದಳು. ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಫೋಟೋದವರನ್ನು ಕರೆದುಕೊಂಡು ಬರುತ್ತೇವೆ, ಅಲ್ಲಿಯವರೆಗೆ ಯಾರೂ ಏನನ್ನೂ ಮುಟ್ಟದಂತೆ ನೋಡಿಕೊಳ್ಳಿ ಎಂದರು.

ಸಂಜೆಯವರೆಗೆ! ಕಟರ್ ಹಿಡಿದ ಒಬ್ಬ, ಅವಸರದ ಇನ್ನೊಬ್ಬ, ಜೊತೆಗೆ ಈ ಹಾಳು ಗಾಳಿ. ಅವಳು ಫೋನಿಟ್ಟು ಮತ್ತೆ ಓಡಿದಳು.

"ಸಂಜೆ ತನಕ ಕಾರು ಮುಟ್ಟೋ ಹಾಗಿಲ್ಲ," ಎಂದಳು ಏದುಸಿರು ಬಿಡುತ್ತ.

ಅಷ್ಮಾವಿಯ ಮುಖ ಕೆಂಪಗಾಯಿತು. "ಮಧ್ಯಾಹ್ನ ಅಂದ್ರಿ, ಈಗ ಸಂಜೆ. ಸಂಜೆ ಬಂದ್ರೆ ರಂಜಾನ್ ಅಂತೀರಾ. ಉಸ್ತಾ, ಹಚ್ಚಯ್ಯ!"

"ಹಚ್ಚು. ಹಚ್ಚಿದ್ರೆ ನಿನ್ನ ಮೇಲೇ ಬರುತ್ತೆ, ಅಷ್ಮಾವಿ. ಆ ಶುಕ್ರವಾರ ಎಲ್ಲಿದ್ದೆ ನೀನು?"

"ನಾನು... ತಾಂತಾದಲ್ಲಿ. ಹೇಳಿದ್ನಲ್ಲ. ಬುಧವಾರ ಹೋದೋನು ಸಾವಿನ ಸುದ್ದಿ ಕೇಳೇ ಬಂದದ್ದು."

"ಹಾಗಾ?" ಅವಳು ಅವನ ತೋಳು ಹಿಡಿದು ಕಾರಿನ ಪಕ್ಕಕ್ಕೆ ಎಳೆದಳು. ಕಾರಿನ ಮಾಡಿನ ಮೇಲೂ ಅದೇ ಸುಣ್ಣದ ಧೂಳು. ಅದರಲ್ಲಿ ಬೆರಳಿನಿಂದ ಎಳೆದ ಗೆರೆ, ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕೆಂದು ಗುರುತು ಮಾಡಿದ ಹಾಗೆ. ಗೆರೆಯ ಮೇಲೆ ಜೇಡ ಆಗಲೇ ನೂಲು ಎಳೆದಿತ್ತು, ಅದು ಇವತ್ತಿನ ಗೆರೆಯಲ್ಲ. "ಸುಣ್ಣ ಬಿದ್ದದ್ದು ಗುರುವಾರ. ಬೀಗ ಬಿದ್ದದ್ದು ಶುಕ್ರವಾರ. ತಾಂತಾದಲ್ಲಿ ಕೂತು ಇಲ್ಲಿಗೆ ಬೆರಳು ಚಾಚಿದ್ಯಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅಷ್ಮಾವಿ ತನ್ನ ಬೆರಳನ್ನೇ ನೋಡಿಕೊಂಡ.

"ಬಂದಿದ್ದೆ," ಎಂದ ಸಣ್ಣ ದನಿಯಲ್ಲಿ. "ಗುರುವಾರ ಸಂಜೆ. ಅಳತೆ ತಗೊಳ್ಳೋಕೆ. ದೊಡ್ಡಪ್ಪ ನೋಡಿಬಿಟ್ರು. ನಾನು ಸತ್ತ ಮೇಲೆ ನನ್ನ ಚರ್ಮ ಸುಲಿ, ಈಗ ತೊಲಗು ಅಂತ ಎಡಗೈಯಲ್ಲೇ ಕೋಲು ಎತ್ತಿದ್ರು. ಮಾರನೇ ದಿನ ಸತ್ತೇ ಹೋದ್ರು. ಆ ಮಾತು ಯಾರ ಹತ್ರ ಹೇಳ್ಲಿ? ನನ್ನ ನಾಲಿಗೆಯೇ ಏಳಲಿಲ್ಲ."

"ಶುಕ್ರವಾರ ಮತ್ತೆ ಬಂದೆ."

"ಇಲ್ಲ."

"ಬಂದೆ. ಮುದುಕನ ಹಿಂದೆ ಇದ್ದ ಮುಸ್‌ಹಫ್ ಎತ್ತಿ ಮುಂದಿಟ್ಟೆ."

"ನಾನಾ?" ಅವನು ಕಣ್ಣು ಕಣ್ಣು ಬಿಟ್ಟ. ಆಮೇಲೆ ನಕ್ಕ. ಸುಳ್ಳು ನಗುವಲ್ಲ, ಹೊಟ್ಟೆಯಿಂದ ಬಂದ ನಗು. "ಮದಾಮ್, ನಾನು ವುಜೂ ಮಾಡಿ ಎಷ್ಟು ಕಾಲ ಆಯ್ತೋ ಆ ದೇವರಿಗೇ ಗೊತ್ತು. ನನ್ನಮ್ಮನನ್ನ ಕೇಳಿ, ಅಳ್ತಾಳೆ. ಕೈಕಾಲು ತೊಳೆದು ಶುದ್ಧ ಆಗದೆ ಮುಸ್‌ಹಫ್ ಮುಟ್ತೀನಾ? ಚಿಕ್ಕಂದಿನಿಂದ ಮುಟ್ಟಿಲ್ಲ. ಕೆಟ್ಟವನಿರಬಹುದು ನಾನು, ಅಷ್ಟು ಕೆಟ್ಟವನಲ್ಲ."

"ಕರವಸ್ತ್ರ ತೆಗಿ."

"ಎಲ್ಲಿಂದ ತೆಗೀಲಿ?" ಜೇಬಿನಿಂದ ಕಾಗದದ ಟಿಶ್ಯೂ ಪೊಟ್ಟಣ ತೆಗೆದು ಎದುರು ಹಿಡಿದ. "ಕುವೈತಿನಲ್ಲಿ ಒಗೆದು ಕೊಡೋರು ಯಾರು? ಒರೆಸೋದು, ಎಸೆಯೋದು."

ಬಯೂಮಿ ಹಿಂದಿನಿಂದ ಮೆಲ್ಲಗೆ ಅಂದ: "ನಿಜ ಹಾಜ್ಜಾ, ನನ್ನ ಅಂಗಡಿ ಮುಂದೆಲ್ಲ ಇವನ ಟಿಶ್ಯೂನೇ."

ರೌಹಿಯಾ ಅವನ ಮುಖವನ್ನೇ ನೋಡಿದಳು. ಸುಳ್ಳುಗಾರ ಹೌದು, ಅವಸರದವ ಹೌದು. ಆದರೆ ಈ ಮಾತು ಸುಳ್ಳಲ್ಲ. ಮುಸ್‌ಹಫ್ ಮುಟ್ಟಿದವನು ಶುದ್ಧನಾಗಿ ಬಂದಿದ್ದ. ಶುಕ್ರವಾರ, ಮಧ್ಯಾಹ್ನ. ಸಾಮೂಹಿಕ ನಮಾಜು ಮುಗಿಸಿ, ಮಸೀದಿಯಿಂದ ನೇರ ಬಂದಿದ್ದ. ಮುದುಕನ ಜೊತೆಗೇ ನಡೆದು ಬಂದಿದ್ದರೂ ಬಂದಿರಬಹುದು, ತೋಳು ಹಿಡಿದು ಹೊಸ್ತಿಲು ದಾಟಿಸಿದ್ದರೂ ದಾಟಿಸಿರಬಹುದು.

ಇಷ್ಟು ಹೊತ್ತು ಹೊರಗೆ ಹುಡುಕುತ್ತಿದ್ದವಳು ಈಗ ಮನೆಯ ಕಡೆ ತಿರುಗಬೇಕಾಗಿತ್ತು.

"ಏನು ಗಲಾಟೆ ಇದು? ಒಳಗೆ ಶೇಖ್ ಅವರು ಕುರಾನ್ ಓದ್ತಿದಾರ್ರೋ, ಮರ್ಯಾದೆ ಬೇಡ್ವಾ!"

ದೌಲತ್ ಬಾಗಿಲಲ್ಲಿ ನಿಂತಿದ್ದಳು. ಕಪ್ಪು ಉಡುಗೆ, ತೋಳು ಮೇಲೇರಿಸಿದ್ದಳು, ಕೈಯಿಂದ ಈರುಳ್ಳಿ ವಾಸನೆ ಬರುತ್ತಿತ್ತು. ಬಯೂಮಿಯ ಕೈಯಲ್ಲಿದ್ದ ಕಟರ್ ಕಂಡದ್ದೇ ನೇರ ಬಂದು ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಳು, ಮಗುವಿನ ತಲೆ ಮೇಲೆ ಇಡುವ ಹಾಗೆ.

"ಅಷ್ಮಾವಿ, ನಿನ್ನ ಕಾಲು ಹಿಡ್ಕೋಬೇಕಾ? ಇದರಲ್ಲಿ ಅಪ್ಪನ ವಾಸನೆ ಇನ್ನೂ ಇದೆಯೋ. ಕತ್ತರಿಸಿದ್ರೆ ಅದೂ ಹೋಗುತ್ತೆ."

"ನಾನಿನ್ನೂ ಮುಟ್ಟಿಲ್ಲಕ್ಕ," ಅಂದ ಅಷ್ಮಾವಿ, ಈಗಷ್ಟೇ ಬೈಸಿಕೊಂಡ ಹುಡುಗನ ಹಾಗೆ.

ರೌಹಿಯಾ ಒಂದು ಕ್ಷಣ ತಡೆದಳು. ತೋರಿಸಬೇಕೋ ಬೇಡವೋ. ಫೋಟೋದವರು ಬರುವವರೆಗೆ ಬಾಯಿ ಮುಚ್ಚಿಕೊಂಡಿರುವುದೇ ಜಾಣತನ. ಆದರೆ ಅವಳಿಗೂ ತಡೆಯಲಾಗುತ್ತಿರಲಿಲ್ಲ. ಬೀಗದ ಮುಂದೆ ಸುತ್ತಿ ಸುತ್ತಿ ಸೋತ ಜೀವ. ಹೆಸರು ಬೇಕು ಅಂದವಳು ಇವಳೇ ಅಲ್ಲವೇ?

"ಬಾ ಇಲ್ಲಿ ದೌಲತ್. ಗಟ್ಟಿ ಮನಸ್ಸು ಮಾಡ್ಕೋ. ನಿನ್ನ ಅನುಮಾನ ನಿಜ." ಮುಂದಿನ ಬಾಗಿಲನ್ನು ಹಿಡಿದು ನಿಂತಳು. "ಇಲ್ಲಿ ಬಗ್ಗಿ ನೋಡು. ಮುಟ್ಟಬೇಡ, ಉಸಿರೂ ಬಿಡಬೇಡ. ಯಾರೋ ಕರವಸ್ತ್ರ ಹಾಸಿ ಮುಸ್‌ಹಫ್ ಇಟ್ಟಿದಾರೆ. ನಿಮ್ಮಪ್ಪ ಸತ್ತ ಹೊತ್ತಿಗೆ. ಆ ಅಂಚು ನೋಡು, ಗುರುತು ಸಿಗುತ್ತಾ?"

ದೌಲತ್ ಬಗ್ಗಿದಳು.

ತಗಡು ಪಟಪಟ ಬಡಿಯಿತು. ಒಳಗಿನಿಂದ ಶೇಖ್ ಅವರ ಓದು ಅಲೆಅಲೆಯಾಗಿ ಬರುತ್ತಿತ್ತು. ದೌಲತ್ ಬಗ್ಗಿದವಳು ಏಳಲೇ ಇಲ್ಲ. ಅವಳ ಕಿವಿಯ ಹಿಂದೆ ಒಂದು ನರ ಹೊಡೆದುಕೊಳ್ಳುವುದು ರೌಹಿಯಾಳಿಗೆ ಕಾಣುತ್ತಿತ್ತು.

"ಈ ಮೂಲೆ ನೋಡು. ಒಂದು ಹಲ್ಲು ಇಲ್ಲ."

"ನೂಲು ಸಾಲಲಿಲ್ಲ," ಅಂದಳು ದೌಲತ್.

"ಏನಂದೆ?"

ದೌಲತ್ ಅಂಗೈ ಅಗಲ ಮಾಡಿ ಡ್ಯಾಶ್‌ಬೋರ್ಡಿನ ಮೇಲಿಟ್ಟು, ಅಡುಗೆ ಕಟ್ಟೆ ಒರೆಸುವ ಹಾಗೆ ಈ ತುದಿಯಿಂದ ಆ ತುದಿಗೆ ಒಂದೇ ಸಲಕ್ಕೆ ಒರೆಸಿಬಿಟ್ಟಳು.

"ದೌಲತ್!" ರೌಹಿಯಾ ಅವಳ ಮೊಣಕೈ ಹಿಡಿದು ಜಗ್ಗಿದಳು. ಹಿಡಿದದ್ದು ತಡವಾಗಿತ್ತು. ಚೌಕ, ಹಲ್ಲು, ಮೂಲೆ ಎಲ್ಲ ಸೇರಿ ಒಂದು ಬೂದು ಪಟ್ಟಿಯಾಗಿತ್ತು. ಅದಕ್ಕೂ ಸಮಾಧಾನವಾಗದೆ ದೌಲತ್ ಇನ್ನೊಂದು ಸಲ ಒರೆಸಿದಳು.

"ಉಸ್ತಾ," ಎಂದಳು ಹೊರಗೆ ಬಂದು. ಸ್ವರ ಅವಳದ್ದೇ ಅಲ್ಲವೇನೋ ಅನ್ನುವಷ್ಟು ತಣ್ಣಗಿತ್ತು. "ಕಟರ್ ಹಚ್ಚಿ. ಮಾಡು ಕತ್ತರಿಸಿ. ಸೀಟು ಕಿತ್ತು ಹಾಕಿ, ಒಳಗೆಲ್ಲ ಹೊಸದು ಮಾಡಿ. ಯಾವ ಬಣ್ಣ ಬೇಕಾದ್ರೂ ಹೊಡೀರಿ. ನನ್ನ ಅರ್ಧಕ್ಕೆ ನನ್ನ ಒಪ್ಪಿಗೆ ಇದೆ."

ಬಯೂಮಿ ಬೆಂಕಿಪೆಟ್ಟಿಗೆ ಹುಡುಕತೊಡಗಿದ. ರೌಹಿಯಾ ದೌಲತಳನ್ನು ಗೋಡೆಯ ಕಡೆ ಎಳೆದೊಯ್ದಳು.

"ಬುದ್ಧಿ ಇದೆಯಾ ನಿಂಗೆ? ಇದ್ದ ಒಂದೇ ಒಂದು ಗುರುತು! ಯಾರದು ಅದು? ಹೆಸರು ಬೇಕು ಅಂದವಳು ನೀನೇ ಕಣೇ!"

"ಬೇಕಾಗಿತ್ತು. ಇನ್ನು ಬೇಡ." ದೌಲತ್ ಅವಳ ಕಿವಿಯ ಹತ್ತಿರ ಬಂದು, ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು. "ನನ್ನ ಅಪ್ಪ ಹೋಗಿ ಆಯ್ತು ಮದಾಮ್. ನನ್ನ ಮಕ್ಕಳಿಗೆ ಅಪ್ಪ ಬೇಕು."

ರೌಹಿಯಾ ಹಿಡಿದಿದ್ದ ಕೈ ಬಿಟ್ಟಳು. ಸಿಟ್ಟು ಇಳಿದ ಜಾಗದಲ್ಲಿ ಮರುಕ ಬಂತು, ಮರುಕದ ಹಿಂದೆಯೇ ಮತ್ತೆ ಸಿಟ್ಟು ಬಂತು.

ಕಟರ್ ಸುಯ್ಯೆಂದು ಹೊತ್ತಿತು.

"ಆರಿಸು!" ಈ ಸಲ ಕೂಗಿದವನು ಅಷ್ಮಾವಿ. ಅವನು ಹಾರಿ ಬಾನೆಟ್ಟಿನ ಮೇಲೆ ಕೂತಿದ್ದ. "ಯಾರೂ ಕತ್ತರಿಸೋ ಹಾಗಿಲ್ಲ. ಇಷ್ಟೊತ್ತು ನನ್ನ ಕುತ್ತಿಗೆ ಹಿಡಿದಿದ್ರಲ್ಲ, ಕೊಲೆಗಾರ ಅಂತ? ಈಗ ಗುರುತು ಒರೆಸಿ, ಕಾರನ್ನೂ ಕತ್ತರಿಸಿದ್ರೆ ನಾಳೆ ಓಣಿ ಏನನ್ನುತ್ತೆ? ಅಷ್ಮಾವಿ ಕತ್ತರಿಸಿದ, ಅಷ್ಮಾವಿನೇ ಕೊಂದ ಅನ್ನುತ್ತೆ. ನನ್ನ ಅರ್ಧ ಹೀಗೇ ಇರ್ಲಿ. ಧೂಳಿನ ಸಮೇತ ಇರ್ಲಿ!"

"ಇಳಿಯೋ ಕೆಳಗೆ," ಅಂದಳು ದೌಲತ್. "ಕತ್ತರಿಸಬೇಕು ಅಂತ ಕುಣೀತಿದ್ದವನು ನೀನೇ ತಾನೆ?"

"ಉಳಿಸಬೇಕು ಅಂತ ಅಳ್ತಿದ್ದವಳು ನೀನೇ ತಾನೆ?"

"ಯಾ ರಬ್," ಬಯೂಮಿ ಕಟರ್ ಆರಿಸಿ ಹಣೆ ಹಣೆ ಬಡಿದುಕೊಂಡ. "ಎತ್ತು ಏರಿಗೆ, ಕೋಣ ನೀರಿಗೆ. ಈಗ ಎತ್ತು ನೀರಿಗೆ, ಕೋಣ ಏರಿಗೆ! ಯಾರಾದ್ರೂ ಒಬ್ಬರು ಒಂದು ಮಾತಿನ ಮೇಲೆ ನಿಲ್ರಪ್ಪ!"

ಗೇಟಿನ ಚಿಲಕ ಸದ್ದಾಯಿತು.

ಖಾಲಿ ಬುಟ್ಟಿ ತೋಳಿಗೆ ಸಿಕ್ಕಿಸಿಕೊಂಡು ರಿಫಾತ್ ಬಂದ. ಗಾಳಿಗೆ ಕೂದಲು ಕೆದರಿತ್ತು, ಬೂಟಿಗೆ ಸ್ಮಶಾನದ ಕೆಮ್ಮಣ್ಣು. ಎಲ್ಲರ ಮುಖ ನೋಡಿದ, ಏನೋ ಆಗಿದೆ ಎಂದು ತಿಳಿದು ಸ್ವರ ತಗ್ಗಿಸಿದ.

"ಎಲ್ಲಾ ಹಂಚಿ ಬಂದೆ. ಒಂದೂ ಉಳೀಲಿಲ್ಲ, ಮಾವನಿಗೋಸ್ಕರ ಎಲ್ಲರೂ ದುಆ ಮಾಡಿದ್ರು." ಹೆಂಡತಿಯ ಕಡೆ ತಿರುಗಿದ. "ಅಯ್ಯೋ, ಏನಿದು ದೌಲತ್? ಕೈ ನೋಡು ಹೇಗಾಗಿದೆ. ಒಳಗೆ ಅಷ್ಟೊಂದು ಜನ ಬಂದಿದಾರೆ."

ಬುಟ್ಟಿಯನ್ನು ಕೆಳಗಿಟ್ಟು ಎದೆ ಜೇಬಿಗೆ ಕೈ ಹಾಕಿದ. ಮಡಿಸಿದ ಕರವಸ್ತ್ರ ತೆಗೆದು ಒಮ್ಮೆ ಕೊಡವಿದ. ಇಸ್ತ್ರಿ ಮಾಡಿದ ಬಿಳಿ ಬಟ್ಟೆ. ಸುತ್ತ ನೀಲಿ ನೂಲಿನಲ್ಲಿ ಹೆಣೆದ ಸಣ್ಣ ಸಣ್ಣ ತ್ರಿಕೋನಗಳು. ಒಂದು ಮೂಲೆಯಲ್ಲಿ ಒಂದು ಕಡಿಮೆ.

ರೌಹಿಯಾ ನೋಡಿದಳು. ಬಾನೆಟ್ಟಿನ ಮೇಲೆ ಕೂತಿದ್ದ ಅಷ್ಮಾವಿಯೂ ನೋಡಿದ, ನೋಡಿ ಮೆಲ್ಲಗೆ ಕೆಳಗಿಳಿದ.

ರಿಫಾತ್ ಹೆಂಡತಿಯ ಮಣಿಕಟ್ಟು ಹಿಡಿದು ಅಂಗೈ ಒರೆಸತೊಡಗಿದ. ದೌಲತ್ ಕೈ ಎಳೆದುಕೊಳ್ಳಲಿಲ್ಲ. ಬಿಳಿಯ ಮೇಲೆ ಬೂದು ಬಣ್ಣ ಹರಡುವುದನ್ನೇ ನೋಡುತ್ತ ನಿಂತವಳು, ಕೇಳಬಾರದೆಂದು ಹಲ್ಲು ಕಚ್ಚಿ ಹಿಡಿದವಳು, ತಡೆಯಲಾರದೆ ಕೇಳಿಯೇಬಿಟ್ಟಳು.

"ಆ ಶುಕ್ರವಾರ ನಮಾಜ್ ಮುಗಿಸಿ ನೀವು ಎಲ್ಲಿಗೆ ಹೋಗಿದ್ರಿ?"

ರಿಫಾತ್ ತಲೆ ಎತ್ತಲಿಲ್ಲ. ಅವಳ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತಲೇ ಇದ್ದ.